ಮಾಳಿಗೆಯ ಮೇಲೆ ಎಷ್ಟು ಪದರ?



ನಮ್ಮ ಆದವಾನಿ, ಆಲೂರು, ರಾಯದುರ್ಗದ ಸೀಮೆ ಮಳೆ ಕಡಮೆ ಇರುವ ಸೀಮೆ. ಮಳೆ ಬಂದರೆ ಸಾಕೆಂದು ಆಕಾಶ ನೋಡುವವರೇ ಇಲ್ಲಿ ಹೆಚ್ಚು. ಆದರೆ ಆ ಮಳೆ ಬಂದ ದಿನ ಬಜಾರಿನಲ್ಲಿ ಒಂದು ಸುತ್ತು ಹೋಗಿ ನೋಡಿ. ಬಟ್ಟೆ ಅಂಗಡಿಯವರು ಥಾನುಗಳನ್ನು ಗೋಡೆಯಿಂದ ಈಚೆಗೆ ಎಳೆಯುತ್ತಿರುತ್ತಾರೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಮೂಟೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಪಕ್ಕದಲ್ಲಿ ಒಂದು ಬಕೆಟ್ಟು ಇಟ್ಟಿರುತ್ತಾರೆ. ಕಟ್ಟಿಸಿ ಹತ್ತು ವರ್ಷ ತುಂಬದ ಆರ್‌ಸಿಸಿ ಕಟ್ಟಡ ಸೋರುತ್ತಿರುತ್ತದೆ. ಅದರ ಹಿಂದಿನ ಓಣಿಯಲ್ಲಿ, ಅಜ್ಜನ ಕಾಲದ ಮಣ್ಣಿನ ಮಾಳಿಗೆಯ ಕೆಳಗೆ ಒಂದು ಹನಿಯೂ ಬಿದ್ದಿರುವುದಿಲ್ಲ. ಹೀಗೇಕೆ ಆಗುತ್ತದೆ ಎಂಬುದನ್ನೇ ಇಂದು ನಿಮ್ಮೊಂದಿಗೆ ಮಾತಾಡೋಣವೆಂದಿದ್ದೇನೆ.

ಅಂಗಡಿ, ಗೋದಾಮು, ಹತ್ತಿಯ ಜಿನ್ನಿಂಗ್ ಮಿಲ್ಲು, ಕಲ್ಯಾಣ ಮಂಟಪ, ಬ್ಯಾಂಕಿನ ಕಟ್ಟಡ ಇಂಥವುಗಳ ಚಪ್ಪಟೆ ಮಾಳಿಗೆಗೆ ನೀರು ಇಳಿಯದಂತೆ ಡಾಂಬರು ಮತ್ತು ಹಾಳೆಗಳನ್ನು ಒಂದರ ಮೇಲೊಂದು ಹಾಸುವ ಕೆಲಸವೊಂದಿದೆ. ಇಂಗ್ಲಿಷಿನಲ್ಲಿ ಬಿಲ್ಟ್ ಅಪ್ ರೂಫಿಂಗ್ ಎನ್ನುತ್ತಾರೆ, ಅಂದರೆ ಪದರ ಪದರವಾಗಿ ಕಟ್ಟಿಕೊಂಡು ಬಂದ ಮೇಲ್ಛಾವಣಿ. ನಮ್ಮಲ್ಲಿ ಸುಮ್ಮನೆ ಟಾರ್ ಫೆಲ್ಟ್ ಕೆಲಸ ಎನ್ನುತ್ತೇವೆ. ಇದರ ಎಸ್ಟಿಮೇಟು ಬರುವುದು ಇಂಗ್ಲಿಷಿನಲ್ಲಿ. ಮೇಸ್ತ್ರಿ ಮಾತಾಡುವುದು ತೆಲುಗಿನಲ್ಲಿ. ಅಂಗಡಿಯವನು ಮನೆಯಲ್ಲಿ ಕನ್ನಡ ಆಡುವವನು. 'ಫೋರ್ ಕೋರ್ಸ್ ಟ್ರೀಟ್‌ಮೆಂಟ್' ಎಂದು ಬರೆದ ಕಾಗದಕ್ಕೆ ಆತ ರುಜು ಹಾಕಿ, ನಾಲ್ಕು ಹಾಳೆ ಹಾಕುತ್ತಾರೆ ಎಂದು ತಿಳಿದುಕೊಂಡಿರುತ್ತಾನೆ. ಆ ನಾಲ್ಕರ ಲೆಕ್ಕ ಬೇರೆಯೇ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಹಳೆಯ ಮಾಳಿಗೆಯನ್ನೇ ನೋಡೋಣ. ತೆಲುಗಿನವರು ಅದನ್ನು ಚವುಡು ಮಿದ್ದೆ ಎನ್ನುತ್ತಾರೆ, ನಾವು ಮೇಲ್ಮುದ್ದೆ ಮನೆ ಎನ್ನುತ್ತೇವೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯೋ ಬಂಡೆಯೋ, ಅದರ ಮೇಲೆ ಕಡ್ಡಿ ಸೊಪ್ಪಿನ ಹಾಸು, ಅದರ ಮೇಲೆ ಕಲಸಿದ ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಬೆಳೆ ಬಾರದ ಆ ಚೌಳು ಮಣ್ಣನ್ನು ಹಿರಿಯರು ಸುಮ್ಮನೆ ಆರಿಸಿಕೊಳ್ಳಲಿಲ್ಲ. ಅದರಲ್ಲಿ ಸೋಡಿಯಂ ಲವಣ ಹೆಚ್ಚು. ಒದ್ದೆಯಾದಾಗ ಆ ಜೇಡಿಯ ಕಣಗಳು ಉಬ್ಬಿ, ಬಿಡಿಬಿಡಿಯಾಗಿ, ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತು ಅವನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗದಂತೆ ಮಾಡಿ ಬೆಳೆಯನ್ನು ಕೆಡಿಸುವ ಗುಣವೇ ಮಾಳಿಗೆಯ ಮೇಲೆ ಉಪಕಾರಕ್ಕೆ ಬಂತು. ಅಲ್ಲಿಯೂ ವಾಟ ಇತ್ತು, ನೀರು ಹೊರಗೆ ಬೀಳಲು ದೋಣಿ ಇತ್ತು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಏಣಿ ಹತ್ತಿ ಹೊಸ ಚೌಳು ಹರಡುವ ಪದ್ಧತಿಯೂ ಇತ್ತು. ಭಾರ ಹೊರುವುದಕ್ಕೆ ಒಂದು ಪದರ, ಸಮ ಮಾಡುವುದಕ್ಕೆ ಒಂದು, ನೀರು ತಡೆಯುವುದಕ್ಕೆ ಒಂದು. ಈ ಲೆಕ್ಕ ನೆನಪಿರಲಿ. ಡಾಂಬರಿನ ಮಾಳಿಗೆಯೂ ಇದೇ ಲೆಕ್ಕದ್ದು.

ಮಣ್ಣಿನ ಮಾಳಿಗೆಯ ನಂತರ ಸುಣ್ಣದ ಗಾರೆ ಬಂತು. ಇಟ್ಟಿಗೆ ಚೂರು, ಸುಣ್ಣ ಸೇರಿಸಿ ಹರಡಿ, ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತ, ಮರದ ಹಲಗೆಯಿಂದ ದಿನಗಟ್ಟಲೆ ತಟ್ಟುತ್ತಿದ್ದರು. ಸಾಲಾಗಿ ಕೂತು ತಟ್ಟುತ್ತಿದ್ದವರು ಹೆಂಗಸರು. ಹಳೆಯ ಮದ್ರಾಸು ಪ್ರಾಂತ್ಯದ ಸರಕಾರಿ ಕಟ್ಟಡಗಳಲ್ಲಿ ಈ ಕೆಲಸವನ್ನು ಈಗಲೂ ನೋಡಬಹುದು. ಕೂಲಿ ದುಬಾರಿಯಾಗಿ, ತಟ್ಟುವ ಕೈಗಳು ಕಡಮೆಯಾಗಿ, ಅದು ಹಿಂದೆ ಬಿತ್ತು.

ಈಗ ಆರ್‌ಸಿಸಿ ಸ್ಲ್ಯಾಬಿನ ಕಾಲ. ಕಾಂಕ್ರೀಟು ಗಟ್ಟಿ, ಆದ್ದರಿಂದ ನೀರು ಇಳಿಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಕಾಂಕ್ರೀಟಿನ ಕೆಲಸ ಭಾರ ಹೊರುವುದು. ಅದರಲ್ಲಿ ಕೂದಲೆಳೆಯಷ್ಟು ಬಿರುಕುಗಳು ಇದ್ದೇ ಇರುತ್ತವೆ. ಜೊತೆಗೆ ಅದು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. 30 ಮೀಟರ್ ಉದ್ದದ ಒಂದು ಗೋದಾಮಿನ ಸ್ಲ್ಯಾಬು 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 9 ಮಿಲಿಮೀಟರು ಉದ್ದವಾಗುತ್ತದೆ. ಮಧ್ಯಾಹ್ನ ಹಿಗ್ಗಿ, ಬೆಳಗಿನ ಜಾವಕ್ಕೆ ಕುಗ್ಗಿ, ಹೀಗೆ ವರ್ಷವಿಡೀ ಎಳೆದಾಡಿದರೆ ಬಿರುಕು ಬಿಡುವುದು ಸಹಜ. ಬಿರುಕಿನಿಂದ ಇಳಿದ ನೀರು ಒಳಗಿನ ಕಬ್ಬಿಣದ ಕಂಬಿಯನ್ನು ಮುಟ್ಟುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಜಾಗಕ್ಕಾಗಿ ಒತ್ತಿದಾಗ ಕೆಳಗಿನ ಕಾಂಕ್ರೀಟು ಹಲ್ಲೆ ಹಲ್ಲೆಯಾಗಿ ಉದುರುತ್ತದೆ. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ ತಲೆಯ ಮೇಲೆ ಬೀಳುವ ಗಾರೆ ಇದೇ. ಆದ್ದರಿಂದ ಸೋರುವ ಮಾಳಿಗೆಯಿಂದ ಸರಕು ನೆನೆಯುವುದು ಮೊದಲ ನಷ್ಟ ಮಾತ್ರ. ಸುಮ್ಮನೆ ಬಿಟ್ಟರೆ ಕಟ್ಟಡದ ಆಯುಸ್ಸೇ ಕಳೆಯುತ್ತದೆ.

ಡಾಂಬರು ಹಾಳೆಯ ಮಾಳಿಗೆ ಹುಟ್ಟಿದ್ದು ಅಮೆರಿಕದಲ್ಲಿ, 1840ರ ದಶಕದಲ್ಲಿ. ಆಗ ಊರಿನ ಬೀದಿ ದೀಪಗಳಿಗೆ ಕಲ್ಲಿದ್ದಲಿನಿಂದ ಗ್ಯಾಸು ತೆಗೆಯುತ್ತಿದ್ದರು. ಗ್ಯಾಸು ತೆಗೆದ ಮೇಲೆ ಉಳಿಯುತ್ತಿದ್ದ ಕಪ್ಪು ಟಾರು ಬಿಸಾಡುವ ವಸ್ತುವಾಗಿತ್ತು. ದಪ್ಪ ಕಾಗದವನ್ನು ಅದರಲ್ಲಿ ನೆನೆಸಿ, ಮಾಳಿಗೆಗೆ ಅಂಟಿಸಿ, ಮೇಲೆ ಮತ್ತೆ ಟಾರು ಸುರಿದು, ಸಣ್ಣ ಕಲ್ಲು ಹರಡಿದರು. ಕಾರ್ಖಾನೆ, ಉಗ್ರಾಣಗಳಿಗೆ ದೊಡ್ಡ ಚಪ್ಪಟೆ ಮಾಳಿಗೆ ಬೇಕಾಗಿದ್ದ ಕಾಲ ಅದು. ಈ ಪದ್ಧತಿ ಹರಡಿತು. ಮುಂದೆ ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಉಳಿಯುವ ಬಿಟುಮೆನ್ ಬಂದು ಟಾರಿನ ಜಾಗ ಹಿಡಿಯಿತು. ಹೆಸರು ಮಾತ್ರ ಟಾರ್ ಫೆಲ್ಟ್ ಎಂದೇ ಉಳಿಯಿತು. ಒಂದು ಸ್ವಾರಸ್ಯ ಹೇಳುತ್ತೇನೆ. ಅಲ್ಲಿನ ಮಾಳಿಗೆ ಕೆಲಸದವರು 100 ಚದರ ಅಡಿಗೆ ಒಂದು 'ಸ್ಕ್ವೇರ್' ಎಂದು ಲೆಕ್ಕ ಹಿಡಿಯುತ್ತಾರೆ. ನಮ್ಮ ಮೇಸ್ತ್ರಿಗಳು ಹತ್ತು ಚದರದ ಮನೆ, ಇಪ್ಪತ್ತು ಚದರದ ಗೋದಾಮು ಎನ್ನುವಾಗ ಹೇಳುವ ಚದರವೂ ಅಷ್ಟೇ, 100 ಚದರ ಅಡಿ.

ಇನ್ನು 'ಫೋರ್ ಕೋರ್ಸ್' ಎಂದರೇನು ನೋಡೋಣ. ಕೇಂದ್ರ ಲೋಕೋಪಯೋಗಿ ಇಲಾಖೆಯ ಪದ್ಧತಿಯಂತೆ ಅದು ಹೀಗಿದೆ. ಮೊದಲನೆಯ ಪದರ ಬಿಸಿ ಬಿಟುಮೆನ್, ಒಂದು ಚದರ ಮೀಟರಿಗೆ 1.45 ಕಿಲೋ. ಎರಡನೆಯ ಪದರ ಫೆಲ್ಟ್ ಹಾಳೆ, ಅಂದರೆ ಗೋಣಿಬಟ್ಟೆಯನ್ನು ಬಿಟುಮೆನ್‌ನಲ್ಲಿ ನೆನೆಸಿ ತಯಾರಿಸಿದ ಹಾಳೆ. ಮೂರನೆಯದು ಮತ್ತೆ ಬಿಸಿ ಬಿಟುಮೆನ್, ಅಷ್ಟೇ ತೂಕ. ನಾಲ್ಕನೆಯದು 6 ಮಿಲಿಮೀಟರು ಅಥವಾ ಅದಕ್ಕಿಂತ ಸಣ್ಣ ಕಲ್ಲಿನ ಹರಡು. ನೋಡಿ, ನಾಲ್ಕು ಪದರದಲ್ಲಿ ಹಾಳೆ ಇರುವುದು ಒಂದೇ. ಆರು ಪದರ ಎಂದರೆ ಎರಡು ಹಾಳೆ, ಎಂಟು ಪದರ ಎಂದರೆ ಮೂರು ಹಾಳೆ. ಪ್ರತಿ ಹಾಳೆಯ ಕೆಳಗೂ ಮೇಲೂ ಬಿಟುಮೆನ್, ಕೊನೆಗೆ ಕಲ್ಲು. ಇದರಲ್ಲಿ ಮೋಸವೇನೂ ಇಲ್ಲ, ಎಣಿಸುವ ರೀತಿ ಹಾಗೆ. ಗೊತ್ತಿಲ್ಲದಿದ್ದರೆ ಮಾತ್ರ, ಆರಕ್ಕೆ ದುಡ್ಡು ಕೊಟ್ಟು ನಾಲ್ಕನ್ನು ಹಾಕಿಸಿಕೊಳ್ಳುವ ಸಂಭವವಿದೆ.

ಈ ಪದರಗಳಲ್ಲಿ ಯಾವುದರ ಕೆಲಸ ಏನು? ನೀರು ತಡೆಯುವುದು ಬಿಟುಮೆನ್. ಆದರೆ ಬರೀ ಬಿಟುಮೆನ್ ಬಿಸಿಲಿಗೆ ಮೆತ್ತಗಾಗಿ ಹರಿಯುತ್ತದೆ, ಚಳಿಗೆ ಬಿರಿಯುತ್ತದೆ. ಅದಕ್ಕೆ ಮೈ ಕೊಡುವುದು ಹಾಳೆ. ಗೋಡೆಗೆ ಮೆತ್ತುವ ಮಣ್ಣಿಗೆ ಹುಲ್ಲು ಸೇರಿಸುತ್ತೇವಲ್ಲ, ಹಾಗೆ. ಮೇಲಿನ ಕಲ್ಲು ಅಂದಕ್ಕೆ ಹಾಕುವುದಲ್ಲ. ಬಿಸಿಲು ನೇರವಾಗಿ ಬಿಟುಮೆನ್‌ಗೆ ತಗಲಿದರೆ ಅದರ ಎಣ್ಣೆಯಂಶ ಆರಿ, ಬೇಸಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಹೆಕ್ಕಳಿಕೆಯಾಗಿ ಬಿರಿಯುತ್ತದೆ. ಕಲ್ಲು ಆ ಬಿಸಿಲನ್ನು ತಡೆಯುತ್ತದೆ, ಗಾಳಿಗೆ ಹಾಳೆ ಏಳದಂತೆ ಒತ್ತಿ ಹಿಡಿಯುತ್ತದೆ, ಪಟಾಕಿಯ ಕಿಡಿ ಬಿದ್ದರೂ ಹೊತ್ತಿಕೊಳ್ಳದಂತೆ ನೋಡಿಕೊಳ್ಳುತ್ತದೆ.

ಬಿಟುಮೆನ್‌ನಲ್ಲೂ ಜಾತಿಗಳಿವೆ. ಮಾಳಿಗೆಗೆ ಬೇಕಾದ್ದು ಬಿಸಿಯಾಗಿರುವಾಗ ಗಾಳಿ ಹಾಯಿಸಿ ಗಟ್ಟಿ ಮಾಡಿದ ಬಿಟುಮೆನ್. ಎಸ್ಟಿಮೇಟಿನಲ್ಲಿ ಅದನ್ನು 85/25 ಎಂದೋ 90/15 ಎಂದೋ ಬರೆದಿರುತ್ತಾರೆ. ಮೊದಲ ಅಂಕಿ ಅದು ಎಷ್ಟು ಡಿಗ್ರಿಗೆ ಮೆತ್ತಗಾಗುತ್ತದೆ ಎಂಬುದು. ಎರಡನೆಯದು ಅದರ ಗಟ್ಟಿತನ. ಅಂಕಿ ಕಡಮೆಯಾದಷ್ಟೂ ಗಟ್ಟಿ ಹೆಚ್ಚು. ರಸ್ತೆಗೆ ಹಾಕುವ ಡಾಂಬರು 50 ಡಿಗ್ರಿ ಸುಮಾರಿಗೇ ಮೆತ್ತಗಾಗುತ್ತದೆ. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಕಪ್ಪು ಮಾಳಿಗೆಯ ಮೈ 65 ಡಿಗ್ರಿ ದಾಟುತ್ತದೆ. ಹಾಗಿರುವಾಗ ರಸ್ತೆ ಕೆಲಸದಲ್ಲಿ ಉಳಿದ ಪೀಪಾಯಿಯನ್ನು ಅಗ್ಗಕ್ಕೆ ತಂದು ಮಾಳಿಗೆಗೆ ಸುರಿದರೆ ಅದು ಮೊದಲ ಬೇಸಗೆಯಲ್ಲೇ ಜಾರಿ ತಗ್ಗಿಗೆ ಸೇರುತ್ತದೆ. ದಿನ್ನೆಯಲ್ಲಿ ಹಾಳೆ ಬೆತ್ತಲೆಯಾಗುತ್ತದೆ.

ಒಂದು ಲೆಕ್ಕ ಹಾಕೋಣ. 20 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಗೋದಾಮು, ಅಂದರೆ 200 ಚದರ ಮೀಟರು, ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದೂವರೆ ಚದರ. ನಾಲ್ಕು ಪದರದ ಕೆಲಸಕ್ಕೆ ಬಿಟುಮೆನ್ ಎರಡು ಸಲ 290 ಕಿಲೋ, ಒಟ್ಟು 580 ಕಿಲೋ ಬೇಕು. ಫೆಲ್ಟ್ ಸುರುಳಿ 1 ಮೀಟರ್ ಅಗಲ, 20 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಒಂದು ಹಾಳೆಯ ಅಂಚಿನ ಮೇಲೆ ಇನ್ನೊಂದು ಹಾಳೆ 75 ಮಿಲಿಮೀಟರು ಏರಿರಬೇಕು, ಉದ್ದದ ತುದಿಯಲ್ಲಿ ಸೇರುವ ಕಡೆ 100 ಮಿಲಿಮೀಟರು. ಆದ್ದರಿಂದ ಒಂದು ಸುರುಳಿಯಿಂದ ಮುಚ್ಚುವುದು ಹದಿನೆಂಟೂವರೆ ಚದರ ಮೀಟರು. ಗೋಡೆಗೆ ಏರಿಸುವ ಭಾಗವನ್ನೂ ಸೇರಿಸಿದರೆ 12 ಸುರುಳಿಗೆ ಕಡಮೆಯಾಗುವಂತಿಲ್ಲ. ಸಣ್ಣ ಕಲ್ಲು ಚದರ ಮೀಟರಿಗೆ 6 ಲೀಟರಿನಂತೆ 1,200 ಲೀಟರು, ಅಂದರೆ ಸುಮಾರು 42 ಘನ ಅಡಿ. ಕೆಲಸದ ದಿನ ಗೋದಾಮಿನ ಮುಂದೆ ಬಂದಿಳಿದ ಸುರುಳಿಗಳನ್ನು ಎಣಿಸಿದರೆ ಸಾಕು. ಒಂಬತ್ತೇ ಸುರುಳಿ ಬಂದಿದ್ದರೆ, ಮಿಕ್ಕ ಮೂರು ಎಲ್ಲಿ ಎಂದು ಕೇಳಬಹುದು. ಇದನ್ನು ಕೇಳಲು ಇಂಜಿನಿಯರ್ ಆಗಬೇಕಾಗಿಲ್ಲ. ಕೂಡಿಸಿ ಗುಣಿಸಲು ಬಂದರೆ ಆಯಿತು.

ಇಷ್ಟೆಲ್ಲ ಸರಿಯಾಗಿದ್ದರೂ ವಾಟ ಇಲ್ಲದಿದ್ದರೆ ಕೆಲಸ ಕೆಟ್ಟಂತೆಯೇ. ಫೆಲ್ಟ್ ಹಾಸುವ ಮುಂಚೆಯೇ ಸ್ಲ್ಯಾಬಿನ ಮೇಲೆ ಗಾರೆಯಿಂದ ವಾಟ ಕೊಟ್ಟಿರಬೇಕು. ಕನಿಷ್ಠ 120ಕ್ಕೆ 1 ಎನ್ನುತ್ತಾರೆ, ಅಂದರೆ ಹತ್ತು ಅಡಿಗೆ ಒಂದು ಇಂಚು. ಅಮೆರಿಕದಲ್ಲಿ ಇದೇ ಬಗೆಯ ಹೊಸ ಮಾಳಿಗೆಗೆ ಅಡಿಗೆ ಕಾಲು ಇಂಚು ಕೇಳುತ್ತಾರೆ, ಅಂದರೆ ಹತ್ತು ಅಡಿಗೆ ಎರಡೂವರೆ ಇಂಚು. ಫೆಲ್ಟ್‌ನ ಬಿಟುಮೆನ್ ಹರಿದುಹೋಗುವ ನೀರನ್ನು ತಡೆಯಬಲ್ಲದು. ನಿಂತ ನೀರಿನಡಿ ವಾರಗಟ್ಟಲೆ ಇದ್ದರೆ ಗೋಣಿಯ ನೂಲು ಕೊಳೆಯುತ್ತದೆ, ಅಂಚುಗಳು ಬಿಡುತ್ತವೆ. ಭಾರವನ್ನೂ ಯೋಚಿಸಿ. ಆ 200 ಚದರ ಮೀಟರಿನ ಮಾಳಿಗೆಯ ಮೇಲೆ 50 ಮಿಲಿಮೀಟರು ಮಳೆ ಬಿದ್ದು ಹೊರಗೆ ಹೋಗದಿದ್ದರೆ 10,000 ಲೀಟರು ನೀರು, ಅಂದರೆ ಹತ್ತು ಟನ್ನು. ಒಂದು ಲಾರಿ ಲೋಡನ್ನು ಮಾಳಿಗೆಯ ಮೇಲೆ ನಿಲ್ಲಿಸಿದ ಹಾಗೆ. ನಮ್ಮದು ಮಳೆ ಕಡಮೆ ಸೀಮೆ, ಅಷ್ಟು ಮಳೆ ಎಲ್ಲಿಂದ ಬರಬೇಕು ಎನ್ನುವಂತಿಲ್ಲ. 2009ರ ಅಕ್ಟೋಬರ್ ಮೊದಲ ವಾರ ಕರ್ನೂಲು ಜಿಲ್ಲೆಯಲ್ಲಿ ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ. ಕರ್ನೂಲು ಪಟ್ಟಣ, ಮಂತ್ರಾಲಯ ಎರಡೂ ನೀರಿನಲ್ಲಿ ಮುಳುಗಿದ್ದವು. ಒಣ ಸೀಮೆಯ ಮಳೆ ಬರುವುದು ಅಪರೂಪ, ಬಂದಾಗ ಒಟ್ಟಿಗೇ ಬರುತ್ತದೆ.

ಹಾಳೆ ಹಾಸುವುದನ್ನು ಯಾವಾಗಲೂ ತಗ್ಗಿನ ಕಡೆಯಿಂದ ಆರಂಭಿಸಿ ಎತ್ತರದ ಕಡೆಗೆ ಹೋಗಬೇಕು. ವಾಟಕ್ಕೆ ಅಡ್ಡಲಾಗಿ ಹಾಸಬೇಕು. ಹಂಚು ಹೊದಿಸುವ ಕ್ರಮವೇ ಇದು. ಮೇಲಿನ ಹಾಳೆ ಕೆಳಗಿನದರ ಮೇಲೆ ಏರಿದರೆ ನೀರು ಅಂಚನ್ನು ದಾಟಿ ಜಾರುತ್ತದೆ. ತಿರುಗಾಮುರುಗಾ ಮಾಡಿದರೆ ನೀರು ಅಂಚಿನೊಳಗೇ ನುಗ್ಗುತ್ತದೆ. ಕೆಲಸ ನಡೆಯುವಾಗ ಸ್ಲ್ಯಾಬು ಪೂರ್ತಿ ಒಣಗಿರಬೇಕು. ತೇವದ ಮೇಲೆ ಹಾಳೆ ಅಂಟಿಸಿದರೆ, ಬಿಸಿಲೇರಿದಾಗ ಆ ತೇವ ಆವಿಯಾಗಿ ಹಾಳೆಯನ್ನು ಪೂರಿಯಂತೆ ಉಬ್ಬಿಸುತ್ತದೆ. ಉಬ್ಬಿದ ಕಡೆ ಕಾಲಿಟ್ಟರೆ ಒಡೆಯಿತು.

ಸೋರಿಕೆಯ ದೊಡ್ಡ ಪಾಲು ಬರುವುದು ಮಾಳಿಗೆಯ ನಡುವಿನಿಂದಲ್ಲ, ಅಂಚಿನಿಂದ. ಪ್ಯಾರಾಪೆಟ್ ಗೋಡೆ ಮಾಳಿಗೆಗೆ ಸೇರುವ ಮೂಲೆ ಚೂಪಾಗಿದ್ದರೆ ಹಾಳೆ ಅಲ್ಲಿ ಮುರಿಯುತ್ತದೆ. ಅದಕ್ಕೆ ಆ ಮೂಲೆಯಲ್ಲಿ ಗಾರೆಯಿಂದ ದುಂಡಗೆ ಏರಿಕೆ ಕಟ್ಟಿ, ಹಾಳೆಯನ್ನು ಗೋಡೆಗೆ ಕನಿಷ್ಠ 150 ಮಿಲಿಮೀಟರು, ಅರ್ಧ ಅಡಿ, ಏರಿಸಬೇಕು. ಗೋಡೆಯಲ್ಲಿ ಉದ್ದಕ್ಕೂ ಸಂದು ಕೊರೆದು ಹಾಳೆಯ ತುದಿಯನ್ನು ಅದರೊಳಗೆ ತುರುಕಿ ಸಿಮೆಂಟಿನಿಂದ ಮುಚ್ಚಬೇಕು. ಗೋಡೆಗೆ ಸುಮ್ಮನೆ ಅಂಟಿಸಿ ಬಿಟ್ಟ ಹಾಳೆ ಎರಡು ಬೇಸಗೆಗೆ ಬಿಟ್ಟುಕೊಳ್ಳುತ್ತದೆ, ಗೋಡೆಯ ಮೇಲಿಂದ ಇಳಿದ ನೀರು ಹಾಳೆಯ ಹಿಂದಕ್ಕೆ ಹೋಗುತ್ತದೆ. ನೀರಿನ ಕೊಳವೆಯ ಬಾಯಿಯೂ ಹಾಗೆಯೇ. ಹಾಳೆ ಕೊಳವೆಯ ಬಾಯೊಳಕ್ಕೆ ಇಳಿದಿರಬೇಕು, ಬಾಯಿಯ ಹತ್ತಿರ ಬಂದು ನಿಂತಿರಬಾರದು.

ಇದನ್ನು ನಾನು ನೋಡಿ ಕಲಿತದ್ದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ. ವ್ಯಾಪಾರಿಗಳು ಹತ್ತಿ, ಶೇಂಗಾ ಮೂಟೆಗಳನ್ನು ಒತ್ತೆಯಿಟ್ಟು ಸಾಲ ಪಡೆಯುತ್ತಿದ್ದರು. ಗೋದಾಮಿನ ಬೀಗದ ಕೈ ಬ್ಯಾಂಕಿನದು, ಸರಕಿನ ಲೆಕ್ಕ ನಮ್ಮದು. ಒಂದು ಗೋದಾಮಿನಲ್ಲಿ ಪ್ರತಿ ಮಳೆಗಾಲ ಒಂದೇ ಅಟ್ಟಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಸಾಹುಕಾರರು ನಾಲ್ಕು ವರ್ಷ ಸತತವಾಗಿ ಆ ಜಾಗಕ್ಕೆ ಸರಿಯಾಗಿ ಮೇಲೆ ಡಾಂಬರು ಬಳಿಸಿದರು. ನಾಲ್ಕು ವರ್ಷವೂ ಸೋರಿತು. ಕೊನೆಗೆ ಒಬ್ಬ ಮುದಿ ಮೇಸ್ತ್ರಿ ಬಂದ. "ಸಾಹುಕಾರ್ರೇ, ನೀರು ಬಿದ್ದ ಕಡೆ ಹುಡುಕಬ್ಯಾಡ್ರಿ, ಹೊಕ್ಕ ಕಡೆ ಹುಡುಕ್ರಿ" ಎಂದ. ಮಾಳಿಗೆಯನ್ನು ಮಣ್ಣಿನ ಬದುಗಳಿಂದ ನಾಲ್ಕು ಭಾಗ ಮಾಡಿ, ಒಂದೊಂದೇ ಭಾಗದಲ್ಲಿ ಎರಡೆರಡು ದಿನ ನೀರು ನಿಲ್ಲಿಸಿದ. ಮೂರನೆಯ ಭಾಗಕ್ಕೆ ನೀರು ಬಿಟ್ಟಾಗ ಒಳಗೆ ಹನಿ ಬಿತ್ತು. ಹೋಗಿ ನೋಡಿದರೆ, ಸೋರುವ ಜಾಗದಿಂದ ಹದಿನೈದು ಅಡಿ ದೂರದಲ್ಲಿ ಪಾರಿವಾಳದ ಗೂಡಿನಿಂದ ಕೊಳವೆಯ ಬಾಯಿ ಕಟ್ಟಿತ್ತು. ನೀರು ಪ್ಯಾರಾಪೆಟ್ ಮೂಲೆಗೆ ಏರಿ, ಬಿಟ್ಟುಕೊಂಡ ಹಾಳೆಯ ಹಿಂದೆ ಇಳಿದು, ಸ್ಲ್ಯಾಬಿನ ಮೇಲೆಯೇ ಹಾಳೆಯಡಿ ಹರಿದು, ಬಿರುಕು ಸಿಕ್ಕ ಕಡೆ ಇಳಿಯುತ್ತಿತ್ತು. ಅಷ್ಟು ವರ್ಷ ಬಳಿದ ಡಾಂಬರೆಲ್ಲ ಸೋರದ ಜಾಗಕ್ಕೆ ಬಿದ್ದಿತ್ತು. ಆ ನಾಲ್ಕು ವರ್ಷ ಕೆಟ್ಟ ಮೂಟೆಗಳ ನಷ್ಟ ಸಾಹುಕಾರರ ತಲೆಗೇ ಬಂತು. ಮಾಮೂಲು ಬೆಂಕಿ ವಿಮೆಯಲ್ಲಿ, ದುರಸ್ತಿ ಇಲ್ಲದೆ ನಿಧಾನವಾಗಿ ಸೋರಿದ ನೀರಿಗೆ ಪರಿಹಾರ ಸಿಗುವುದು ಕಷ್ಟ. ಇದು ವ್ಯಾಪಾರಿಗಳಿಗೆ ಗೊತ್ತಿರಬೇಕಾದ ವಿಷಯ.

ಈಗ ಹೊಸ ಸಾಮಾನುಗಳೂ ಬಂದಿವೆ. ಪ್ಲಾಸ್ಟಿಕ್ ಬೆರೆಸಿದ ಬಿಟುಮೆನ್‌ನ ದಪ್ಪ ಹಾಳೆಯನ್ನು ಗ್ಯಾಸ್ ಬೆಂಕಿಯಿಂದ ಕರಗಿಸಿ ಅಂಟಿಸುತ್ತಾರೆ. ಇದಕ್ಕೆ ಎಪಿಪಿ ಹಾಳೆ ಎನ್ನುತ್ತಾರೆ. ಗೋಣಿಯ ಬದಲು ಪಾಲಿಯೆಸ್ಟರ್ ಇರುವುದರಿಂದ ಕೊಳೆಯುವುದಿಲ್ಲ. ಬ್ರಷ್ಷಿನಿಂದ ಬಳಿಯುವ ರಬ್ಬರಿನಂಥ ಬಣ್ಣಗಳೂ ಇವೆ. ಒಳ್ಳೆಯವೇ. ಆದರೆ ವಾಟ, ಮೂಲೆ, ಕೊಳವೆಯ ಬಾಯಿ, ಇವುಗಳ ಮಾತು ಅವಕ್ಕೂ ಅನ್ವಯಿಸುತ್ತದೆ. ಡಬ್ಬಿಯ ಮೇಲೆ ಎಷ್ಟು ವರ್ಷದ ಭರವಸೆ ಬರೆದಿದ್ದರೂ, ನೀರು ನಿಲ್ಲುವ ಮಾಳಿಗೆಗೆ ಆ ಭರವಸೆ ಒದಗುವುದಿಲ್ಲ.

ಕಪ್ಪು ಮಾಳಿಗೆಯ ಇನ್ನೊಂದು ತೊಂದರೆ ಶೆಕೆ. ಬಿಸಿಲನ್ನೆಲ್ಲ ಹೀರಿ ಕೆಳಗಿನ ಅಂಗಡಿಗೆ ಬಿಡುತ್ತದೆ. ಮೇಲೆ ಬಿಳಿ ಹೆಂಚಿನ ಚೂರು ಹಾಕಿಸುವುದು, ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಸುವುದು ಇದಕ್ಕೆ ಉಪಾಯ. ನೆರೆಯ ತೆಲಂಗಾಣ ಸರಕಾರ 2023ರಲ್ಲಿ ತಂಪು ಮಾಳಿಗೆಯ ನೀತಿಯೊಂದನ್ನು ಜಾರಿಗೆ ತಂದು, ವ್ಯಾಪಾರದ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ನಾರಾಯಣಪೇಟೆ, ಜಹೀರಾಬಾದ್ ಕಡೆಯ ನಮ್ಮ ಕನ್ನಡ ಬಂಧುಗಳು ಕಟ್ಟಡ ಕಟ್ಟಿಸುವಾಗ ಇದನ್ನು ವಿಚಾರಿಸಿಕೊಳ್ಳಬೇಕು. ಮಾಳಿಗೆ ತಂಪಾದಷ್ಟೂ ಹಿಗ್ಗುವುದು ಕುಗ್ಗುವುದು ಕಡಮೆ, ಬಿಟುಮೆನ್ ಒಣಗುವುದೂ ನಿಧಾನ. ಒಂದು ಖರ್ಚಿಗೆ ಎರಡು ಲಾಭ.

ಈ ಕೆಲಸ ಮಾಡುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಕುದಿಯುವ ಬಿಟುಮೆನ್ ನೀರು ಕುದಿಯುವ ಬಿಸಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಬಿಸಿ. ನಮ್ಮಲ್ಲಿ ಬರಿಗಾಲಿನ ಹುಡುಗರು ಬಕೆಟ್ಟಿನಲ್ಲಿ ಅದನ್ನು ಏಣಿ ಹತ್ತಿಸುತ್ತಾರೆ. ಆ ಬಾಂಡ್ಲಿಯೊಳಗೆ ಸ್ವಲ್ಪ ನೀರು ಬಿದ್ದರೂ ಉಕ್ಕಿ ಸಿಡಿಯುತ್ತದೆ. ಮೈಮೇಲೆ ಬಿದ್ದರೆ ಕೂಡಲೇ ತಣ್ಣೀರು ಸುರಿಯುತ್ತ ಇರಬೇಕು. ಅಂಟಿದ್ದನ್ನು ಕೀಳಬಾರದು, ಕಿತ್ತರೆ ಚರ್ಮವೂ ಬರುತ್ತದೆ. ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಯಿಸುವ ಒಲೆಯನ್ನಾಗಲಿ, ಗ್ಯಾಸಿನ ಬೆಂಕಿಯನ್ನಾಗಲಿ ಹತ್ತಿಯ ಮಿಲ್ಲಿನ ಹತ್ತಿರ ಹಚ್ಚುವಾಗ ಇನ್ನೂ ಎಚ್ಚರ ಬೇಕು. ಹಾರುವ ಹತ್ತಿಯ ನವಿರು ಹೊತ್ತಿಕೊಂಡರೆ ಮಿಲ್ಲೇ ಹೋಗುತ್ತದೆ. ಬೂಟು, ಕೈಚೀಲ, ಒಂದು ಬಕೆಟ್ ಮರಳು, ಇವುಗಳ ಖರ್ಚನ್ನು ಕೆಲಸ ಕೊಡುವವರೇ ಎಸ್ಟಿಮೇಟಿನಲ್ಲಿ ಸೇರಿಸಿಕೊಳ್ಳಲಿ.

ಕೆಲಸ ಮುಗಿದ ಮೇಲೆ ಮಾಳಿಗೆಯನ್ನು ಮರೆಯಬೇಡಿ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹತ್ತಿ ನೋಡಿ. ಕೊಳವೆಯ ಬಾಯಲ್ಲಿ ಕಸ ಇದೆಯೆ? ಪ್ಯಾರಾಪೆಟ್ ಸಂದಿನಲ್ಲಿ ಅರಳಿ ಗಿಡ ಹುಟ್ಟಿದೆಯೆ? ಕಲ್ಲು ಸರಿದು ಕಪ್ಪು ಕಾಣುತ್ತಿದೆಯೆ? ಈಚೆಗೆ ಇನ್ನೊಂದು ಕಾಟ ಹೆಚ್ಚಾಗಿದೆ. ಟಿ.ವಿ. ಡಿಶ್ಶು, ಜಾಹೀರಾತು ಫಲಕ, ಎ.ಸಿ. ಯಂತ್ರ, ಸೋಲಾರ್ ಹಲಗೆ, ಎಲ್ಲವೂ ಮಾಳಿಗೆಗೆ ಬರುತ್ತವೆ. ಕೂರಿಸಲು ಬಂದವನು ಡ್ರಿಲ್ಲಿನಿಂದ ಹಾಳೆಯನ್ನು ತೂತು ಮಾಡಿ ಬೋಲ್ಟು ಬಿಗಿದು ಹೋಗುತ್ತಾನೆ. ಆರು ಪದರವನ್ನೂ ದಾಟಿ ನೀರಿಗೆ ಒಂದು ದಾರಿ ಆಯಿತು. ಅಂಥ ಚೌಕಟ್ಟುಗಳಿಗೆ ಕಾಂಕ್ರೀಟಿನ ಸಣ್ಣ ಕಟ್ಟೆಗಳನ್ನು ಮೊದಲೇ ಕಟ್ಟಿಸಿ, ಹಾಳೆಯನ್ನು ಕಟ್ಟೆಯ ಸುತ್ತಲೂ ಏರಿಸಿಕೊಂಡಿರಬೇಕು.

ಕೊನೆಯದಾಗಿ, ಕಾಗದಕ್ಕೆ ರುಜು ಹಾಕುವ ಮುಂಚೆ ಕೇಳಬೇಕಾದ್ದನ್ನು ಒಟ್ಟಾಗಿ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ಪದರ ಎಷ್ಟು, ಅದರಲ್ಲಿ ಹಾಳೆ ಎಷ್ಟು? ಬಿಟುಮೆನ್ ಯಾವ ಅಂಕಿಯದು, ಚದರ ಮೀಟರಿಗೆ ಎಷ್ಟು ಕಿಲೋ? ವಾಟ ಕೊಡುವ ಗಾರೆ ಈ ಲೆಕ್ಕದಲ್ಲಿ ಸೇರಿದೆಯೋ ಇಲ್ಲವೋ? ಗೋಡೆಗೆ ಎಷ್ಟು ಏರಿಸುತ್ತೀರಿ, ಸಂದು ಕೊರೆಯುತ್ತೀರೋ ಇಲ್ಲವೋ? ಕೆಲಸ ಮುಗಿದ ಮೇಲೆ ನೀರು ನಿಲ್ಲಿಸಿ ತೋರಿಸುತ್ತೀರಾ? ಸೋರಿದರೆ ಎಷ್ಟು ವರ್ಷದವರೆಗೆ ಬಂದು ಸರಿಪಡಿಸುತ್ತೀರಿ? ಕೇಂದ್ರ ಲೋಕೋಪಯೋಗಿ ಇಲಾಖೆ ಇಂಥ ಕೆಲಸಕ್ಕೆ ಗುತ್ತಿಗೆದಾರರಿಂದ 10 ವರ್ಷದ ಗ್ಯಾರಂಟಿ ಬರೆಸಿಕೊಂಡು, ಹಣದಲ್ಲಿ ಒಂದು ಪಾಲನ್ನು ಹಿಡಿದಿಡುತ್ತದೆ. ನಾವೂ ಒಂದು ಮಳೆಗಾಲ ಕಳೆಯುವವರೆಗಾದರೂ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಉತ್ತರಗಳನ್ನು ನಿಮಗೆ ಓದಲು ಬರುವ ಭಾಷೆಯಲ್ಲಿ, ಕನ್ನಡವಾಗಲಿ ತೆಲುಗಾಗಲಿ, ಒಂದು ಹಾಳೆಯಲ್ಲಿ ಬರೆಸಿ ಎಸ್ಟಿಮೇಟಿನ ಜೊತೆ ಪಿನ್ನು ಹಾಕಿಡಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಪಡುವುದಿಲ್ಲ.

ನಮ್ಮ ಸೀಮೆಯ ಜೂನ್ ಮಳೆ ಬರುವುದಕ್ಕೆ ಮುಂಚೆ, ಬಿಸಿಲು ಚೆನ್ನಾಗಿರುವಾಗಲೇ ಏಣಿ ಹಾಕಿ ಒಮ್ಮೆ ನಿಮ್ಮ ಮಾಳಿಗೆ ನೋಡಿ ಬನ್ನಿ.